ನೂರಾ ಐದು ರೂಪಾಯಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಮುಂದಿನ ಮೂರು ಮೆಟ್ಟಿಲು ಭಾನುವಾರ ಬೆಳಿಗ್ಗೆ ನಮ್ಮದಾಗಿರುತ್ತಿರಲಿಲ್ಲ. ಹಾಲಿನವನು ಬಂದು ಹೋಗುವಷ್ಟರಲ್ಲಿ ಒಬ್ಬರೋ ಇಬ್ಬರೋ ಬಂದು ಕೂತಿರುತ್ತಿದ್ದರು. ಕೈಯಲ್ಲಿ ಒಂದು ಮಡಿಚಿದ ಕಾಗದ. ಅಪ್ಪ ಲುಂಗಿ ಉಟ್ಟು, ಕನ್ನಡಕ ಒರೆಸಿಕೊಂಡು, ರಟ್ಟಿನ ಪ್ಯಾಡ್ ಹಿಡಿದು ಹೊರಗೆ ಬರುತ್ತಿದ್ದರು. ಅಮ್ಮ ಒಳಗಿನಿಂದ "ಶುರುವಾಯ್ತು ಇವರ ಕಛೇರಿ" ಅಂತ ಗೊಣಗುತ್ತಲೇ ಕಾಫಿಗೆ ನೀರಿಡುತ್ತಿದ್ದಳು.

ಅಪ್ಪ ಐಟಿಐನಲ್ಲಿದ್ದರು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಕೆ.ಆರ್. ಪುರದ ದೂರವಾಣಿನಗರ. 1948ರಲ್ಲಿ ಶುರುವಾದ, ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಸಾರ್ವಜನಿಕ ಉದ್ದಿಮೆ. ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಕ್ಯಾಂಟೀನು, ಫ್ಯಾಕ್ಟರಿ ಬಸ್ಸು ಎಲ್ಲಾ ಒಂದೇ ಕಾಂಪೌಂಡಿನ ಸುತ್ತಮುತ್ತ ಇದ್ದ ಊರು ಅದು. ಅಪ್ಪ ಯೂನಿಯನ್ ಲೀಡರೇನೂ ಅಲ್ಲ. ಭಾಷಣ ಮಾಡಲು ನಿಂತರೆ ಕಾಲು ನಡುಗುತ್ತಿತ್ತಂತೆ. ಅಕ್ಷರ ಮಾತ್ರ ಮುತ್ತಿನಂತಿತ್ತು. ಹಾಗಾಗಿ ಪಿಎಫ್ ಲೋನಿನ ಫಾರಂ, ಮೆಡಿಕಲ್ ಬಿಲ್, ಎಲ್‌ಟಿಸಿ, ನಾಮಿನಿ ಬದಲಾವಣೆ ಎಲ್ಲವೂ ನಮ್ಮ ಮೆಟ್ಟಿಲಿಗೆ ಬರುತ್ತಿದ್ದವು. ಫೀಸು ಅಂದರೆ ಎರಡು ಪಪ್ಪಾಯಿ, ಇಲ್ಲವೇ ಒಂದು ಸೋರೆಕಾಯಿ.

1980ರ ಡಿಸೆಂಬರ್ 26ಕ್ಕೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರ ಶುರುವಾದಾಗ ನನಗೆ ಎಂಟು ವರ್ಷ. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್, ಐಟಿಐ ಎಲ್ಲಾ ಬಂದ್. ಬಿಎಚ್‌ಇಎಲ್ ಕಾರ್ಮಿಕರಿಗೆ ಸಮನಾದ ಸಂಬಳ ಕೊಡಿ ಅನ್ನೋದು ಬೇಡಿಕೆ. 77 ದಿನ ನಡೆಯಿತು. ಮಾಲೂರಿನ ಕಡೆಯಿಂದ ಅಜ್ಜಿ ಕಳಿಸಿದ ರಾಗಿಯಲ್ಲಿ ನಮ್ಮ ಮನೆ ನಡೆಯಿತು. ಕೇಳಿದ್ದು ಸಿಗದೆ ಎಲ್ಲರೂ ವಾಪಸ್ ಕೆಲಸಕ್ಕೆ ಹೋದರು. ಆ 77 ದಿನವೂ ಮೆಟ್ಟಿಲ ಮೇಲೆ ಫಾರಂ ತುಂಬುವ ಕೆಲಸ ನಿಂತಿರಲಿಲ್ಲ. "ಸೋತ ಮೇಲೂ ಇದೇನ್ರೀ ನಿಮ್ಮದು" ಅಂತ ಅಮ್ಮ ರೇಗಿದಾಗ ಅಪ್ಪ ಹೇಳಿದ್ದು ನನಗೆ ಈಗಲೂ ನೆನಪಿದೆ. "ಮುಷ್ಕರ ಸೋತ್ರೆ ಸಂಬಳ ಹೋಗುತ್ತೆ ಅಷ್ಟೇ ಕಣೇ. ಫಾರಂ ತುಂಬೋರು ಇಲ್ಲದಿದ್ರೆ ಹಿಂದೆ ಗೆದ್ದಿದ್ದೂ ಹೋಗುತ್ತೆ."

ಎಂಟು ವರ್ಷದವನಿಗೆ ಅದು ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ಐವತ್ತು ದಾಟುವವರೆಗೂ ಅರ್ಥವಾಗಿರಲಿಲ್ಲ. ಹೇಗೆ ಅರ್ಥವಾಯಿತು ಅನ್ನೋದನ್ನ ಬರೆಯೋಣ ಅಂತ ಬಹಳ ದಿನದಿಂದ ಅಂದುಕೊಂಡು, ನಾಚಿಕೆಯಾಗಿ ಮುಂದೂಡುತ್ತಾ ಬಂದೆ. ಇವತ್ತು ಬರೆದುಬಿಡುತ್ತೇನೆ.

ನಾನಿರೋದು ಹಲಸೂರಿನಾಚೆ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ. ಹೆಸರು ಬೇಡ. ಈಗ ಗೇಟಿನ ಮೇಲೆ ಯೂನಿವರ್ಸಿಟಿ ಅಂತ ಬೋರ್ಡ್ ಬಿದ್ದಿದೆ, ಒಳಗೆ ಫ್ಯಾನು ಮಾತ್ರ ಹಳೆಯವೇ. ನಮ್ಮಂಥ ಬೋಧಕೇತರ ಸಿಬ್ಬಂದಿಗೆ ಒಂದು ಸಂಘ ಇದೆ. ಸಣ್ಣದಾದರೂ ಗಟ್ಟಿ. ಹಬ್ಬದ ಅಡ್ವಾನ್ಸು, ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ, ಗುಂಪು ವಿಮೆ, ನಮ್ಮದೇ ಪತ್ತಿನ ಸಹಕಾರ ಸಂಘ... ಒಂದೊಂದನ್ನೂ ಹಿಂದಿನವರು ಹೋರಾಡಿ ತಂದಿದ್ದು. ಸ್ಟಾಫ್ ರೂಮಿನ ಪಕ್ಕ ಗಾಜಿನ ಬಾಗಿಲಿನ ನೋಟೀಸ್ ಬೋರ್ಡ್ ಇದೆ, ಯಾವ ಸೌಲಭ್ಯಕ್ಕೆ ಯಾವ ಫಾರಂ, ಯಾರನ್ನು ನೋಡಬೇಕು ಎಲ್ಲಾ ಅಲ್ಲಿ ಅಂಟಿಸಿರುತ್ತಾರೆ. ಬೀಗದ ಕೈ ಕಾರ್ಯದರ್ಶಿಯ ಹತ್ತಿರ. ಆ ಗಾಜನ್ನು ಪ್ರತಿದಿನ ಬೆಳಿಗ್ಗೆ ಒರೆಸುವುದು ಮಾತ್ರ ಅಕ್ಕ.

ಅಕ್ಕ ಅಂದರೆ ನಮ್ಮ ಹೌಸ್‌ಕೀಪಿಂಗ್ ಅಕ್ಕ. ಎಲ್ಲರೂ ಹಾಗೇ ಕರೆಯುತ್ತೇವೆ. ಮನೆ ವಿಜಿನಾಪುರದ ಕಡೆ. ಬೆಳಿಗ್ಗೆ ಆರೂವರೆಗೆಲ್ಲಾ ಬಂದಿರುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಈ ಕೆಲಸಕ್ಕೆ ಪರ್ಮನೆಂಟ್ ಅಟೆಂಡರ್‌ಗಳಿದ್ದರು. ಅವರು ರಿಟೈರ್ ಆಗುತ್ತಾ ಹೋದಂತೆ ಒಬ್ಬ ಗುತ್ತಿಗೆದಾರ ಬಂದ. ಗುಡಿಸುವವರು, ಗೇಟಿನ ಸೆಕ್ಯುರಿಟಿಯವರು, ತೋಟದವರು ಎಲ್ಲಾ ಈಗ ಅವನ ಲೆಕ್ಕದಲ್ಲಿ. ಕೆಲಸ ಇಲ್ಲಿ, ಸಂಬಳ ಅಲ್ಲಿಂದ. ಸಂಘದ ಮೆಂಬರ್‌ಶಿಪ್ ಅವರಿಗಿಲ್ಲ.

2023ರ ನವೆಂಬರ್, ದೀಪಾವಳಿ ಕಳೆದ ವಾರ. ಅಕ್ಕ ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಬಂದಾಗ ಕೊರಳು ಖಾಲಿ, ಅರಿಶಿನದ ದಾರ ಮಾತ್ರ. ಏನಕ್ಕಾ ಅಂದೆ. ಯಜಮಾನರಿಗೆ ಎದೆನೋವು ಅಂದರು. ಆಟೋ ಓಡಿಸುವವರು, ಶಿವಾಜಿನಗರದ ಸ್ಟ್ಯಾಂಡಿನಲ್ಲೇ ಬೆವೆತು ಕೂತರಂತೆ. ಜೊತೆಯವರು ಬೌರಿಂಗ್ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ಅಲ್ಲಿ ಇಸಿಜಿ ನೋಡಿ, ಮಾತ್ರೆ ಕೊಟ್ಟು, ಮುಂದಿನ ಪರೀಕ್ಷೆ ಆಗಬೇಕು ಅಂದಿದ್ದಾರೆ. ಇವರು ಗಾಬರಿಯಲ್ಲಿ ಒಂದು ಖಾಸಗಿ ಆಸ್ಪತ್ರೆಗೆ ಓಡಿದ್ದಾರೆ. ಆಂಜಿಯೋಗ್ರಾಮ್ ಆಯಿತು. ಬೈಪಾಸ್ ಆಗಬೇಕು, ಎರಡೂವರೆ ಲಕ್ಷ ರೆಡಿ ಮಾಡ್ಕೊಳ್ಳಿ ಅಂದರಂತೆ. ಹಲಸೂರು ಬಜಾರ್ ಸ್ಟ್ರೀಟಿನ ಗಿರವಿ ಅಂಗಡಿಯಲ್ಲಿ ಸರ ಇಟ್ಟಿದ್ದಾಗಿದೆ. ಉಳಿದಿದ್ದಕ್ಕೆ ನೂರಕ್ಕೆ ಐದರ ಬಡ್ಡಿಗೆ ಕೊಡೋರನ್ನು ನೋಡಿಟ್ಟಿದ್ದಾರೆ.

"ಸಾರ್, ನೀವು ಆಫೀಸಲ್ಲಿ ಹೇಳಿ ಒಂದು ಹತ್ತು ಸಾವಿರ ಅಡ್ವಾನ್ಸ್ ಕೊಡಿಸ್ತೀರಾ?"

ಅಡ್ವಾನ್ಸ್ ನಮ್ಮವರಿಗೆ ಮಾತ್ರ, ನಿಮ್ಮ ಕಾಂಟ್ರಾಕ್ಟರ್ ಕೇಳಿ ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಏನೋ ಹೊಳೆದು ಕೇಳಿದೆ, "ಅಕ್ಕಾ, ನಿಮಗೆ ಇಎಸ್‌ಐ ಇದೆಯಲ್ಲಾ?"

"ಅದೇನ್ ಸಾರ್?"

"ಸಂಬಳದಲ್ಲಿ ತಿಂಗಳಾ ಹಿಡೀತಾರಲ್ಲ..."

"ಓ ಅದಾ. ನೂರಾ ಐದು ರೂಪಾಯಿ. ಅದು ಗೌರ್ಮೆಂಟಿಗೆ ಹೋಯ್ತದೆ ಅಂದ್ರು."

ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನ ಹಿಂದೆ ನಾಲ್ಕಾಗಿ ಮಡಿಚಿದ ಒಂದು ಪ್ರಿಂಟೌಟ್ ಇಟ್ಟುಕೊಂಡಿದ್ದರು. ಮಡಿಕೆಯಲ್ಲಿ ಅಕ್ಷರ ಅಳಿಸಿಹೋಗಿತ್ತು. ನಾಲ್ಕು ವರ್ಷದ ಹಿಂದೆ ಸೂಪರ್‌ವೈಸರ್ ಕೊಟ್ಟು "ಇಟ್ಕೊಂಡಿರು" ಅಂದಿದ್ದನಂತೆ. ಇಟ್ಟುಕೊಂಡಿದ್ದರು. ಅಷ್ಟೇ.

ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ. ನೌಕರರ ಪಾಲು ನೂರಕ್ಕೆ ಮುಕ್ಕಾಲು, ಮಾಲೀಕರ ಪಾಲು ನೂರಕ್ಕೆ ಮೂರೂಕಾಲು. ಅಕ್ಕನ ಸಂಬಳ ಆಗ 14,000. ಅವರದ್ದು 105, ಕಾಂಟ್ರಾಕ್ಟರ್ ಹಾಕಬೇಕಾದ್ದು 455. ಈ 560 ರೂಪಾಯಿ ಎಲ್ಲೋ ಹೋಗಿ ಮಾಯವಾಗುವ ದುಡ್ಡಲ್ಲ. ಕಾಯಿಲೆ ಬಿದ್ದು ರಜೆ ಹಾಕಿದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ ಎಪ್ಪತ್ತು ಭಾಗ ಸಿಗುತ್ತದೆ. ಹೆರಿಗೆಗೆ 26 ವಾರ ಪೂರ್ತಿ ಸಂಬಳ. ಚಿಕಿತ್ಸೆ ನೌಕರರಿಗೆ ಮಾತ್ರ ಅಲ್ಲ, ಕುಟುಂಬಕ್ಕೂ. ಹೆಂಡತಿ ನೌಕರಿಯಲ್ಲಿದ್ದರೆ ಗಂಡನಿಗೂ. ಇದನ್ನು ಕೇಳಿದಾಗ ಅಕ್ಕನ ಯಜಮಾನರು ನಂಬಲಿಲ್ಲ. "ಹೆಂಗಸಿನ ಕಾರ್ಡಲ್ಲಿ ನನ್ನ ಹೆಂಗೆ ನೋಡ್ತಾರೆ ಸಾರ್?" ಅಂತ ಫೋನಿನಲ್ಲಿ ನಕ್ಕರು. ಎದೆನೋವಿನಲ್ಲೂ ನಗು!

ಕಂಪ್ಯೂಟರಿನಲ್ಲಿ ನೋಡಿದರೆ ಅಕ್ಕನ ದುಡ್ಡು ತಪ್ಪದೆ ಕಟ್ಟಿದೆ. ಆದರೆ ಕುಟುಂಬದ ಜಾಗ ಖಾಲಿ. ಗಂಡನ ಹೆಸರೂ ಇಲ್ಲ, ಮಕ್ಕಳದ್ದೂ ಇಲ್ಲ. ಕಾಂಟ್ರಾಕ್ಟರ್ ಕಡೆಯವನಿಗೆ ಫೋನ್ ಮಾಡಿದೆ. "ಮಾಡೋಣ ಸಾರ್, ಹುಡುಗ ರಜೆಯಲ್ಲಿದ್ದಾನೆ" ಅಂದ. ಮಾರನೇ ದಿನವೂ ಹುಡುಗ ರಜೆಯಲ್ಲಿದ್ದ. ಆಗ ನಾನು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದೆ. "ನಿಮ್ಮ ಈ ತಿಂಗಳ ಬಿಲ್ಲು ನನ್ನ ಟೇಬಲ್ ಮೇಲಿದೆ. ನನಗೂ ಸ್ವಲ್ಪ ರಜೆ ಬೇಕು ಅನಿಸ್ತಿದೆ" ಅಂದೆ. ಒಂದು ಗಂಟೆಯಲ್ಲಿ ಹೆಸರು ಸೇರಿತು.

ಆಮೇಲಿನದ್ದು ಬೇಗ ಹೇಳುತ್ತೇನೆ. ಮೊದಲು ಡಿಸ್ಪೆನ್ಸರಿ, ಅಲ್ಲಿಂದ ಇಂದಿರಾನಗರದ ಇಎಸ್‌ಐ ಆಸ್ಪತ್ರೆ, ಅಲ್ಲಿಂದ ರೆಫರಲ್ ಪತ್ರದ ಮೇಲೆ ಒಪ್ಪಂದವಿರುವ ಬೇರೆ ಆಸ್ಪತ್ರೆ. ಓಡಾಟ ಇತ್ತು, ಕ್ಯೂ ಇತ್ತು, ಒಂದು ಸೀಲಿಗೆ ಅರ್ಧ ದಿನ ಕಾಯುವುದೂ ಇತ್ತು. ಆದರೆ ಡಿಸೆಂಬರ್ ಎರಡನೇ ವಾರ ಬೈಪಾಸ್ ಆಯಿತು. ಕೈಯಿಂದ ಖರ್ಚಾಗಿದ್ದು ಆಟೋಗೆ, ಎಳನೀರಿಗೆ. ಡಿಸ್ಚಾರ್ಜ್ ದಿನ ಅಕ್ಕ ಮೂರು ಸಲ ಕೌಂಟರ್ ಹತ್ತಿರ ಹೋಗಿ "ಬಿಲ್ ಎಷ್ಟು?" ಅಂತ ಕೇಳಿದರಂತೆ. ಏನೂ ಇಲ್ಲ ಅಂದರೆ ನಂಬಿಕೆಯಾಗದೆ, ಯಾರಾದರೂ ಹಿಂದೆಯಿಂದ ಕರೆಯುತ್ತಾರೇನೋ ಅಂತ ಗೇಟಿನವರೆಗೂ ತಿರುಗಿ ತಿರುಗಿ ನೋಡುತ್ತಾ ಬಂದರಂತೆ.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿಬಿಡುತ್ತೇನೆ. ಅದೇ ತೊಂದರೆ.

ಗುತ್ತಿಗೆದಾರ ಪ್ರತಿ ತಿಂಗಳು ಬಿಲ್ ಜೊತೆ ಇಎಸ್‌ಐ, ಪಿಎಫ್ ಕಟ್ಟಿದ ಚಲನ್ ಮತ್ತು ಕೆಲಸಗಾರರ ಪಟ್ಟಿ ಕೊಡಬೇಕು. ಅವನು ಕಟ್ಟದಿದ್ದರೆ ಕೊನೆಗೆ ಹೊಣೆ ಬರುವುದು ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯ ಮೇಲೆ. ಕಾನೂನಿನಲ್ಲಿ 'ಪ್ರಿನ್ಸಿಪಲ್ ಎಂಪ್ಲಾಯರ್' ಅಂತಾರೆ (ನಮ್ಮ ಪ್ರಿನ್ಸಿಪಾಲರು ಇದು ತಮ್ಮ ಬಗ್ಗೆಯೇ ಬರೆದಿದ್ದು ಅಂತ ಬಹಳ ದಿನ ಅಂದುಕೊಂಡಿದ್ದರು). ಆ ಪಟ್ಟಿಯನ್ನು ನೋಡಿ ಟಿಕ್ ಹಾಕುವುದು ಯಾರ ಕೆಲಸ ಹೇಳಿ? ನನ್ನದೇ. ಅಕ್ಕನ ಹೆಸರು, ಅದರ ಮುಂದೆ ಹತ್ತಂಕಿಯ ನಂಬರ್, ಅದರ ಮುಂದೆ 105. ನಾಲ್ಕು ವರ್ಷ, ತಿಂಗಳಿಗೊಂದು ಸಲ, ಹಸಿರು ಇಂಕಿನಲ್ಲಿ ಟಿಕ್ ಹಾಕಿದ್ದೇನೆ. ಹತ್ತಡಿ ದೂರದಲ್ಲಿ ನೆಲ ಒರೆಸುತ್ತಿದ್ದ ಹೆಂಗಸಿಗೆ "ಅಕ್ಕಾ, ಇದು ಇಂಥದ್ದು" ಅಂತ ಒಂದು ಸಲ ಹೇಳಲಿಲ್ಲ. ಹೇಳಬಾರದು ಅಂತಲ್ಲ. ಅದು ನನ್ನ ಕೆಲಸ ಅಂತ ಅನಿಸಲೇ ಇಲ್ಲ.

ಗಿರವಿ ಸರ ಬಿಡಿಸಿಕೊಳ್ಳುವಾಗ ಅಕ್ಕ ಕಟ್ಟಿದ ಬಡ್ಡಿಯನ್ನು ನ್ಯಾಯವಾಗಿ ನಾನು ಕಟ್ಟಬೇಕಿತ್ತು. ಕೊಡಲು ಹೋದೆ, ತಗೊಳ್ಳಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಅಕ್ಕನ ಚಿಂತೆಯಿಂದಲ್ಲ. ಇನ್ನೊಬ್ಬರು ನೆನಪಾಗಿದ್ದರು.

2021ರ ಮೇ. ಎರಡನೇ ಅಲೆ. ನಮ್ಮ ರಾತ್ರಿ ಪಾಳಿಯ ಸೆಕ್ಯುರಿಟಿಯವರೊಬ್ಬರು ಕೋವಿಡ್‌ನಲ್ಲಿ ಹೋಗಿಬಿಟ್ಟರು. ರಾಯಚೂರು ಕಡೆಯವರು. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಸಣ್ಣ ದನಿಯಲ್ಲಿ ತತ್ವಪದ ಹೇಳಿಕೊಳ್ಳುತ್ತಿದ್ದರು. ನಾವೆಲ್ಲಾ ವಾಟ್ಸಾಪಿನಲ್ಲಿ ದುಡ್ಡು ಕೂಡಿಸಿ ಅವರ ಹೆಂಡತಿಗೆ ಕಳಿಸಿದೆವು. ಆಕೆ ಮಗಳನ್ನು ಕರೆದುಕೊಂಡು ಊರಿಗೆ ಹೋದರು. ನಾವು ದೊಡ್ಡ ಕೆಲಸ ಮಾಡಿದೆವು ಅಂತ ಅಂದುಕೊಂಡೆವು.

ಬೆಳಿಗ್ಗೆ ಎದ್ದವನೇ ಆಫೀಸಿಗೆ ಹೋಗಿ ಹಳೆ ಫೈಲ್ ತೆಗೆದೆ. ಅವರ ಹೆಸರಿನ ಮುಂದೆ ಪಿಎಫ್ ನಂಬರ್ ಇದೆ, ಇಎಸ್‌ಐ ನಂಬರ್ ಇದೆ, ಮೂರು ವರ್ಷದ ನನ್ನ ಹಸಿರು ಟಿಕ್‌ಗಳಿವೆ. ಏಪ್ರಿಲ್‌ಗೆ ನಿಂತಿವೆ.

ಪಿಎಫ್ ಇರುವ ಎಲ್ಲರಿಗೂ ಅದರ ಜೊತೆಗೇ ಒಂದು ಜೀವವಿಮೆ ಇರುತ್ತದೆ, ಇಡಿಎಲ್‌ಐ ಅಂತ. ನೌಕರರ ಸಂಬಳದಿಂದ ಅದಕ್ಕೆ ಒಂದು ಪೈಸೆ ಹಿಡಿಯುವುದಿಲ್ಲ, ಮಾಲೀಕರೇ ಕಟ್ಟುವುದು. ಹಿಡಿಯದ ಕಾರಣಕ್ಕೆ ಸಂಬಳದ ಚೀಟಿಯಲ್ಲಿ ಕಾಣುವುದೂ ಇಲ್ಲ, ಹಾಗಾಗಿ ಯಾರಿಗೂ ಗೊತ್ತೂ ಇಲ್ಲ. ಒಂದು ವರ್ಷ ಬಿಡದೆ ಕೆಲಸ ಮಾಡಿ, ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಮನೆಯವರಿಗೆ ಕನಿಷ್ಠ ಎರಡೂವರೆ ಲಕ್ಷ, ಗರಿಷ್ಠ ಏಳು ಲಕ್ಷ. ಅದರ ಮೇಲೆ ಹೆಂಡತಿಗೆ, ಮಕ್ಕಳಿಗೆ ತಿಂಗಳ ಪಿಂಚಣಿ. ಅದೂ ಅಲ್ಲದೆ ಕೋವಿಡ್‌ನಲ್ಲಿ ತೀರಿಕೊಂಡ ಇಎಸ್‌ಐ ನೌಕರರ ಅವಲಂಬಿತರಿಗೆ ದಿನಗೂಲಿಯ ನೂರಕ್ಕೆ ತೊಂಬತ್ತರಷ್ಟು ಕೊಡುವ ಪರಿಹಾರ ಯೋಜನೆಯನ್ನು 2021ರಲ್ಲೇ ತಂದಿದ್ದರು.

ಎರಡೂವರೆ ವರ್ಷವಾಗಿತ್ತು. ಆಕೆಯ ಫೋನ್ ನಂಬರ್ ಸ್ವಿಚ್ ಆಫ್. ಅದೇ ಕಡೆಯ ಇನ್ನೊಬ್ಬ ಸೆಕ್ಯುರಿಟಿ ಹುಡುಗ ಸಂಕ್ರಾಂತಿಗೆ ಊರಿಗೆ ಹೋದವನು ಹುಡುಕಿ ಹೇಳಿದ, ತವರಿನಲ್ಲಿದ್ದಾರೆ ಅಂತ. ಫೆಬ್ರವರಿಯಲ್ಲಿ ರಾತ್ರಿ ಬಸ್ಸಿಗೆ ಬಂದರು. ಮಗಳೂ ಜೊತೆಗಿದ್ದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರಂತೆ, ಹತ್ತಿ ಬಿಡಿಸಲು ಹೋಗುತ್ತಿದ್ದಳು.

ನಾನು ಅಪ್ಪನ ರಟ್ಟಿನ ಪ್ಯಾಡ್ ಮನೆಯಿಂದ ತಂದಿದ್ದೆ. ಯಾಕೋ ತರಬೇಕು ಅನಿಸಿತ್ತು. ಒಂದೊಂದೇ ಫಾರಂ ತುಂಬಿ, ಹೆಬ್ಬೆಟ್ಟಿನ ಜಾಗ ತೋರಿಸುತ್ತಾ, ಇದು ಇಂಥದ್ದು, ಇದು ಇಂಥದ್ದು ಅಂತ ಹೇಳುತ್ತಿದ್ದೆ. ಆಕೆ ಸುಮ್ಮನೆ ಕೇಳುತ್ತಿದ್ದವರು ಒಂದೇ ಮಾತು ಕೇಳಿದರು.

"ಅವತ್ತ ಯಾಕ ಹೇಳಲಿಲ್ರೀ ಸರ?"

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ಏನಾದರೂ ಹೇಳುತ್ತಿದ್ದೆನೋ ಏನೋ. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಇಡಿಎಲ್‌ಐ ಹಣ ಬಂತು. ಪಿಂಚಣಿ ಸಣ್ಣದು, ಆದರೂ ಶುರುವಾಯಿತು. ಕೋವಿಡ್ ಪರಿಹಾರ ಮಾತ್ರ ಸಿಗಲಿಲ್ಲ. ಪಾಸಿಟಿವ್ ರಿಪೋರ್ಟ್ ಬೇಕಿತ್ತು. ಆ ಕಾಗದ ಮನೆ ಖಾಲಿ ಮಾಡಿ ಊರಿಗೆ ಹೋಗುವ ಗಡಿಬಿಡಿಯಲ್ಲಿ ಎಲ್ಲೋ ಹೋಗಿತ್ತು. 2021ರಲ್ಲೇ ಯಾರಾದರೂ "ಈ ಕಾಗದ ಜೋಪಾನವಮ್ಮಾ" ಅಂದಿದ್ದರೆ ಇರುತ್ತಿತ್ತು.

2024ರ ಜೂನ್‌ನಲ್ಲಿ ನಮ್ಮ ಸಂಘದ ವಾರ್ಷಿಕ ಸಭೆ. ಅಪ್ಪನ ಹಾಗೆ ನನಗೂ ನಿಂತು ಮಾತಾಡಲು ಕಾಲು ನಡುಗುತ್ತದೆ. ಆದರೂ ಎದ್ದು ನಿಂತು, ಗುತ್ತಿಗೆಯವರನ್ನೂ ಸಂಘಕ್ಕೆ ಸೇರಿಸಿಕೊಳ್ಳಬೇಕು ಅಂದೆ. ಗದ್ದಲವಾಯಿತು. ಅವರು ನಮ್ಮ ನೌಕರರೇ ಅಲ್ಲ, ಅವರನ್ನು ಸೇರಿಸಿಕೊಂಡರೆ ಮ್ಯಾನೇಜ್‌ಮೆಂಟ್ ನಮ್ಮದನ್ನೂ ಕಿತ್ಕೊಳ್ಳುತ್ತೆ, ಬೈಲಾದಲ್ಲಿ ಇಲ್ಲ... ಹೀಗೆ.

ನಾನು ಓದಿಕೊಂಡು ಹೋಗಿದ್ದನ್ನು ಹೇಳಿದೆ. 1963ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಬಸ್ ಡ್ರೈವರ್‌ಗಳ ಕೇಸಿನಲ್ಲಿ ಸುಪ್ರೀಂ ಕೋರ್ಟು, ವಿಶ್ವವಿದ್ಯಾಲಯ 'ಇಂಡಸ್ಟ್ರಿ' ಅಲ್ಲ ಅಂದಿತ್ತು. ಅಲ್ಲಿ ಮುಖ್ಯ ಕೆಲಸ ಪಾಠ ಮಾಡುವವರದ್ದು, ಉಳಿದವರದ್ದು ಲೆಕ್ಕಕ್ಕಿಲ್ಲ ಅನ್ನುವ ಅರ್ಥದಲ್ಲಿ. ಅಂದರೆ ನಾವು ಯಾರೂ ಲೆಕ್ಕಕ್ಕಿರಲಿಲ್ಲ. ಅದನ್ನು ಬದಲಾಯಿಸಿದ್ದು 1978ರ ಏಳು ನ್ಯಾಯಾಧೀಶರ ಪೀಠ. ಯಾವ ಕೇಸಿನಲ್ಲಿ? ನಮ್ಮ ಬೆಂಗಳೂರಿನ ಜಲಮಂಡಳಿ ಮತ್ತು ಅದರ ಕೆಲಸಗಾರರ ಕೇಸಿನಲ್ಲಿ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನಿಂದ ಕಾಲೇಜು, ಆಸ್ಪತ್ರೆಗಳ ನೌಕರರೂ ಲೆಕ್ಕಕ್ಕೆ ಬಂದರು. ಮೇಷ್ಟ್ರುಗಳ ಕಥೆಯೂ ಅಷ್ಟೇ. ಶಿಕ್ಷಕರಿಗೆ ಗ್ರಾಚ್ಯುಟಿ ಕಾಯ್ದೆ ಅನ್ವಯಿಸಲ್ಲ ಅಂತ 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. 2009ರಲ್ಲಿ ಕಾಯ್ದೆ ತಿದ್ದಿ, 1997ರಿಂದಲೇ ಕೊಡಬೇಕು ಅಂತ ಮಾಡಿದರು, ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು, 2022ರಲ್ಲಿ ಸೋತವು. "ಇಲ್ಲಿ ಕೂತಿರೋ ಎಲ್ಲರನ್ನೂ ಒಂದು ಕಾಲದಲ್ಲಿ ಬಾಗಿಲ ಹೊರಗೇ ನಿಲ್ಲಿಸಿದ್ರು. ಈಗ ಬಾಗಿಲ ಹೊರಗೆ ನಿಂತಿರೋದು ಅಕ್ಕ" ಅಂದೆ.

ಸಿನಿಮಾದಲ್ಲಾಗಿದ್ದರೆ ಇಲ್ಲಿ ಚಪ್ಪಾಳೆ. ನಮ್ಮಲ್ಲಿ ಕಾರ್ಯದರ್ಶಿ "ಟೀ ಬಂದಿದೆ, ಆಮೇಲೆ ಮಾತಾಡೋಣ" ಅಂದರು. ಮೆಂಬರ್‌ಶಿಪ್ ಪ್ರಶ್ನೆಯನ್ನು ಸಮಿತಿಗೆ ಒಪ್ಪಿಸಿದರು. ಸಮಿತಿ ಅಂದರೆ ಗೊತ್ತಲ್ಲಾ. ಆದರೆ ಎರಡು ವಿಷಯ ಆಯಿತು. ಗಾಜಿನ ಬೋರ್ಡಿನಲ್ಲಿ ಅರ್ಧ ಭಾಗ ಗುತ್ತಿಗೆಯವರ ಮಾಹಿತಿಗೆ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಮತ್ತು ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಸೈಕಲ್ ಸ್ಟ್ಯಾಂಡಿನ ಪಕ್ಕ ಸಂಘದ ಒಂದು ಟೇಬಲ್.

ಟೇಬಲ್ ಮೇಲೆ ಅಪ್ಪನ ಪ್ಯಾಡ್. ಪಕ್ಕದಲ್ಲಿ ನಾನು. ಹೆಚ್ಚಿಗೆ ಏನೂ ಮಾಡುವುದಿಲ್ಲ. ಫೋನಿನಲ್ಲಿ ಉಮಂಗ್ ಆ್ಯಪ್ ಹಾಕಿಕೊಡುತ್ತೇನೆ, ಪಿಎಫ್ ದುಡ್ಡು ಬಿದ್ದಿದೆಯಾ ನೋಡುತ್ತೇವೆ, ಆಧಾರಿನ ಹೆಸರಿಗೂ ಇಎಸ್‌ಐ ಹೆಸರಿಗೂ ಹೊಂದುತ್ತಾ ನೋಡುತ್ತೇವೆ, ಕುಟುಂಬದ ಹೆಸರು ಸೇರಿಸುತ್ತೇವೆ, ನಾಮಿನಿ ತುಂಬುತ್ತೇವೆ. ಮೊದಲ ಶನಿವಾರ ಇಬ್ಬರು ಬಂದಿದ್ದರು. ಈಗ ಪಕ್ಕದ ಕಟ್ಟಡಗಳ ಸೆಕ್ಯುರಿಟಿಯವರೂ ಬರುತ್ತಾರೆ. ಬರುವವರನ್ನು ಸಾಲಾಗಿ ಕೂರಿಸುವುದು ಅಕ್ಕನ ಕೆಲಸ. ಯಾರಾದರೂ "ಅದು ಗೌರ್ಮೆಂಟಿಗೆ ಹೋಯ್ತದೆ" ಅಂದರೆ ನನಗಿಂತ ಮೊದಲು ಅಕ್ಕನೇ ಶುರು ಮಾಡುತ್ತಾರೆ. "ಏಯ್, ಅದು ನಿನ್ ದುಡ್ಡು ಕಣಪ್ಪ!"

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇಎಸ್‌ಐ, ಪಿಎಫ್, ಗ್ರಾಚ್ಯುಟಿ ಎಲ್ಲಾ ಸಾಮಾಜಿಕ ಭದ್ರತಾ ಸಂಹಿತೆಯ ಕೆಳಗೆ ಬಂದವು. ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಅಂತಿದೆ. ಒಳ್ಳೆಯದೇ. ಒಳ್ಳೆಯದಲ್ಲದ್ದೂ ಇದೆ, ಅದು ಬೇರೆ ಚರ್ಚೆ. ಆದರೆ ಅದನ್ನೂ ಯಾರಾದರೂ ಮೆಟ್ಟಿಲ ಮೇಲೆ ಕೂತು ಹೇಳದಿದ್ದರೆ, ಅದೂ ಆಧಾರ್ ಕವರಿನ ಹಿಂದೆ ನಾಲ್ಕಾಗಿ ಮಡಿಚಿಟ್ಟ ಕಾಗದವೇ ಆಗುತ್ತದೆ.

ಇಷ್ಟು ಉದ್ದ ಬರೆದಿದ್ದು ಒಂದು ಸಣ್ಣ ಕೋರಿಕೆಗೆ. ನಿಮ್ಮಲ್ಲಿ ಹೆಚ್ಚಿನವರು ದೊಡ್ಡ ದೊಡ್ಡ ಆಫೀಸುಗಳಲ್ಲಿರೋರು. ನಾಳೆ ಬೆಳಿಗ್ಗೆ ನಿಮ್ಮ ಟೇಬಲ್ ಒರೆಸುವ ಅಕ್ಕನನ್ನೋ, ಗೇಟಿನ ಅಣ್ಣನನ್ನೋ ಒಂದು ಮಾತು ಕೇಳಿ. "ಇಎಸ್‌ಐ ಕಾರ್ಡ್ ಇದೆಯಾ? ಅದರಲ್ಲಿ ಮನೆಯವರ ಹೆಸರಿದೆಯಾ?" ಎರಡು ನಿಮಿಷದ ಕೆಲಸ.

ನಾನು ಅದಕ್ಕೆ ನಾಲ್ಕು ವರ್ಷ ತಗೊಂಡೆ.

ಅಂದ ಹಾಗೆ, ಹೋದ ಶನಿವಾರ ಟೇಬಲ್ ಮೇಲೆ ಯಾರೋ ಒಂದು ಪಪ್ಪಾಯಿ ಇಟ್ಟು ಹೋಗಿದ್ದರು. ಅಮ್ಮನಿಗೆ ತಂದು ಕೊಟ್ಟೆ. ಎಂಬತ್ತರ ಮೇಲಾಯಿತು ಅವಳಿಗೆ, ಈಗ ಅಷ್ಟಾಗಿ ಮಾತಿಲ್ಲ. ಪಪ್ಪಾಯಿಯನ್ನೇ ನೋಡಿ, ನನ್ನನ್ನು ನೋಡಿ, "ನಿಂದೂ ಶುರುವಾಯ್ತಾ?" ಅಂದಳು.